‘ನೀರು ಬರುತ್ತಿದೆ’ ಎಂದು ಬರೆದವಳು

ನಾನು ನಿವೃತ್ತಳಾದ ಮರುವರ್ಷ ನನ್ನ ಹಳೆಯ ಕಚೇರಿಗೆ ಮೇಘನಾ ಎಂಬ ಹುಡುಗಿ ಸೇರಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಮಗು. ಅಪ್ಪ ಕೇಂದ್ರ ಸರ್ಕಾರದ ಯಾವುದೋ ಇಲಾಖೆಯಲ್ಲಿ ಗುಮಾಸ್ತರು. ನನ್ನ ನಂಬರು ಹೇಗೋ ಹುಡುಕಿ ಫೋನ್ ಮಾಡಿದಳು.

“ಆಂಟಿ, ಸಾರಿ, ಮೇಡಂ, ಈ ಕೆಲಸಕ್ಕೆ ಮೇನ್ ಆಗಿ ಏನು ಬರಬೇಕು? ಸ್ಯಾಟಲೈಟ್ ಮ್ಯಾಪು, ಮಾಡೆಲಿಂಗು, ವೋ ಸಬ್ ನಂಗೆ ಬರುತ್ತೆ.”

“ಹಿಂದಿ ಬರಬೇಕಮ್ಮ,” ಎಂದೆ.

“ಅಯ್ಯೋ, ಅದು ನಂಗೆ ಕನ್ನಡಕ್ಕಿಂತ ಚೆನ್ನಾಗಿ ಬರುತ್ತೆ!”

“ನನಗೂ ಬರುತ್ತೆ ಅಂತಲೇ ಅಂದುಕೊಂಡಿದ್ದೆ.”

ಅವಳಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಗರಕ್ಕೆ ಪ್ರವಾಹ, ಭೂಕಂಪ, ಬಿಸಿಗಾಳಿ ಬಂದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿ ಬರೆದಿಡುವುದು ನಮ್ಮ ವಿಭಾಗದ ಕೆಲಸವಾಗಿತ್ತು. ವಿಭಾಗ ಎಂದರೆ ನಾಲ್ಕು ಮೇಜು, ಒಂದು ಕೂಲರು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಲ್ಲಿ ನಿಮಗೆ ಆಸಕ್ತಿ ಇರಲಾರದು, ನನಗೂ ಇಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ.

ನನ್ನ ಅಪ್ಪ ಮಂಡ್ಯದ ಕಡೆ ನೀರಗಂಟಿ. ನಾಲೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಕೆಲಸ. ನಾಲೆಗೆ ನೀರು ಬಿಟ್ಟ ದಿನ ಅಪ್ಪ ಏರಿಯ ಮೇಲೆ ನಡೆಯುತ್ತ “ನೀರು ಬತ್ತಾ ಅದೇ...” ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದರೆ ಮಕ್ಕಳಾದ ನಮಗೆ ಹಬ್ಬ. ನಾಲೆ ಎಂದರೆ ನನಗೆ ತಿಳಿನೀರು, ಈಜು, ಸೋಪಿನ ವಾಸನೆ. ಈ ಅರ್ಥವನ್ನೇ ತಲೆಯಲ್ಲಿ ಹೊತ್ತುಕೊಂಡು ನಾನು ದೆಹಲಿಗೆ ಬಂದೆ.

ಸೇರಿದ ಮೊದಲ ವರ್ಷ, ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸಬೇಕಾದ ಚರಂಡಿಗಳ ನಕ್ಷೆ ಮಾಡುವ ಕೆಲಸ ನನಗೆ ಬಂತು. ಕ್ಷೇತ್ರದಿಂದ ಹಿಂದಿಯಲ್ಲಿ ಕೈಬರಹದ ಪಟ್ಟಿ ಬಂದಿತ್ತು. ಅದರಲ್ಲಿ ಒಂದು ಕಡೆ ‘ಬಡಾ ನಾಲಾ’ ಎಂದಿತ್ತು. ನಾನು ನೀಲಿ ಪೆನ್ನಿನಲ್ಲಿ ಅಂದವಾಗಿ ಗೆರೆ ಎಳೆದು ಪಕ್ಕದಲ್ಲಿ ‘ನೀರಾವರಿ ಕಾಲುವೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ನಕ್ಷೆ ಪರಿಶೀಲಿಸಬೇಕಾದವರು ನಕ್ಷೆಗಾರ ಶ್ರೀನಿವಾಸರಾಯರು. ಅವರು ಮೈಸೂರಿನಿಂದ ವರ್ಗವಾಗಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ.

“ಬಡಾ ನಾಲಾ ಅಂದ್ರೆ ದೊಡ್ಡ ನಾಲೆ. ಸರಿಯಾಗೇ ಇದೆಯಲ್ಲಮ್ಮ,” ಎಂದು ರುಜು ಹಾಕಿದರು. ಆಮೇಲೆ ಇಬ್ಬರೂ ಕೂತು ಅವರ ಮನೆಯಿಂದ ಬಂದ ಚಿತ್ರಾನ್ನ ತಿಂದೆವು.

ದೆಹಲಿಯಲ್ಲಿ ನಾಲಾ ಎಂದರೆ ಕೊಳಚೆ ಹರಿಯುವ ಮೋರಿ ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಕಾಲುವೆ ಎಂದು ಬರೆದದ್ದರಿಂದ ಅದು ಹೂಳು ತೆಗೆಸುವ ಪಟ್ಟಿಯಿಂದ ಬಿಟ್ಟುಹೋಯಿತು. ಕಾಲುವೆ ನೋಡಿಕೊಳ್ಳುವವರು ‘ಆ ಭಾಗದಲ್ಲಿ ನಮ್ಮ ಕಾಲುವೆ ಯಾವುದೂ ಇಲ್ಲ’ ಎಂದು ಪತ್ರ ಬರೆದರು. ಪತ್ರ ಬರುವ ಹೊತ್ತಿಗೆ ಮಳೆ ಬಂದಿತ್ತು. ಮೋರಿ ಉಕ್ಕಿ ಒಂದು ಇಡೀ ಬೀದಿಯ ನೆಲಮಹಡಿಗಳಿಗೆ ನುಗ್ಗಿತು.

ನಮ್ಮ ಮುಖ್ಯಸ್ಥರು ಖನ್ನಾ ಸಾಹೇಬರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಧ್ವನಿ. ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಆ ಬೀದಿಗೆ ಕರೆದೊಯ್ದರು. ಮೊಣಕಾಲುದ್ದ ಕಪ್ಪು ನೀರು. ಒಂದು ಮಾತೂ ಬೈಯಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದು, “ಆಯಿಯೇ ಮೇಡಂ, ನಿಮ್ಮ ಕಾಲುವೆಯಲ್ಲಿ ಸ್ವಲ್ಪ ಸ್ನಾನ ಮಾಡೋಣ,” ಎಂದರು. ಕಾಲುವೆಗೆ ಹಿಂದಿಯಲ್ಲಿ ನಹರ್ ಎನ್ನುತ್ತಾರೆ. ಅಂದಿನಿಂದ ನಾನು ಕಚೇರಿಗೆಲ್ಲ ‘ನಹರ್ ಮೇಡಂ’. ಕ್ಯಾಂಟೀನಿನ ಭಯ್ಯಾ ಕೂಡ ಹಾಗೇ ಕರೆಯುತ್ತಿದ್ದ. ನನ್ನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಇಷ್ಟಾದ ಮೇಲೆ ನಾನು ಪಾಠ ಕಲಿತೆ ಅಂದುಕೊಂಡರೆ ಅದು ನಿಮ್ಮ ತಪ್ಪು. ಕಲಿತದ್ದು ಒಂದು ಪದವನ್ನು ಮಾತ್ರ.

ಕೆಲವು ವರ್ಷಗಳ ನಂತರ ಒಂದು ಮಳೆಗಾಲ, ಮೇಲೆ ಹರಿಯಾಣದ ಬ್ಯಾರೇಜಿನಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು. ಅದು ಯಮುನೆಯಲ್ಲಿ ಹರಿದು ದೆಹಲಿ ಮುಟ್ಟಲು ಒಂದೂವರೆ ದಿನ ಬೇಕು. ಹೊಳೆಗೂ ಅದರ ಕಟ್ಟೆಗೂ ನಡುವಿನ ಬಯಲಿಗೆ ಅಲ್ಲಿ ಖಾದರ್ ಎನ್ನುತ್ತಾರೆ. ಅಲ್ಲಿ ಜೋಪಡಿ ಹಾಕಿಕೊಂಡು ಮೂಲಂಗಿ, ಪಾಲಕ್ ಬೆಳೆಯುವವರನ್ನು ಕಟ್ಟೆಯ ಮೇಲೆ ಹತ್ತಿಸಬೇಕಿತ್ತು. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಆಟೋಗೆ ಧ್ವನಿವರ್ಧಕ ಕಟ್ಟಿ ಕೂಗಿಸುತ್ತಿದ್ದೆವು. ಏನು ಕೂಗಬೇಕೆಂದು ಬರೆದುಕೊಡುವ ಕೆಲಸ ನನ್ನದು. ಖನ್ನಾ ಸಾಹೇಬರು ಹೇಳಿದ್ದಿಷ್ಟೇ: “ಸರಳವಾಗಿರಲಿ.”

ನಾನು ಕಣ್ಣು ಮುಚ್ಚಿ ಯೋಚಿಸಿದೆ. ಕಿವಿಯಲ್ಲಿ ಅಪ್ಪನ ಕೂಗು ಕೇಳಿತು. ಅದನ್ನೇ ಹಿಂದಿಗಿಳಿಸಿದೆ: ‘ಪಾನೀ ಆ ರಹಾ ಹೈ. ಸಬ್ ಲೋಗ್ ಬಂಧ್ ಪರ್ ಆ ಜಾಯೇಂ.’ ನೀರು ಬರುತ್ತಿದೆ, ಎಲ್ಲರೂ ಕಟ್ಟೆಯ ಮೇಲೆ ಬನ್ನಿ. ಇದಕ್ಕಿಂತ ಸರಳ ಇನ್ನೇನಿದೆ?

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆಟೋ ಕೂಗುತ್ತ ಹೊರಟಿತು. ನಾನು ಕಟ್ಟೆಯ ಮೇಲೆ ನಿಂತಿದ್ದೆ. ಐದೇ ನಿಮಿಷಕ್ಕೆ ಹೆಂಗಸರು, ಮಕ್ಕಳು ಬಯಲಿನಿಂದ ಎದ್ದುಬಿದ್ದು ಓಡಿ ಬರತೊಡಗಿದರು. ನನ್ನ ಬರವಣಿಗೆಗೆ ಇಷ್ಟು ಶಕ್ತಿಯೇ ಎಂದು ಒಳಗೊಳಗೇ ಹಿಗ್ಗಿದೆ. ಹತ್ತಿರ ಬಂದಾಗ ನೋಡಿದರೆ ಪ್ರತಿಯೊಬ್ಬರ ಕೈಯಲ್ಲೂ ಖಾಲಿ ಕ್ಯಾನು, ಬಕೆಟ್ಟು, ಪೇಂಟಿನ ಡಬ್ಬಿ! ಬಂದವರೇ ಸಾಲಾಗಿ ನಿಂತರು. ಸಾಲಿನಲ್ಲಿ ಯಾರು ಮೊದಲು ಎಂದು ಜಗಳವೂ ಶುರುವಾಯಿತು.

ಕುಡಿಯುವ ನೀರಿನ ಟ್ಯಾಂಕರು ಬಂದು ನಿಲ್ಲುವುದು ಅದೇ ಕಟ್ಟೆಯ ಮೇಲೆ. ಟ್ಯಾಂಕರು ಬಂದಾಗಲೆಲ್ಲ ಅವರು ಪರಸ್ಪರ ಕೂಗಿಕೊಳ್ಳುತ್ತಿದ್ದದ್ದು ಅದೇ ಮಾತನ್ನು. ನೀರು ಬರುತ್ತಿದೆ ಎಂಬುದು ಅವರಿಗೂ ನನ್ನಪ್ಪನ ಊರಿನವರಿಗೆ ಇದ್ದ ಹಾಗೆ ಸಂತೋಷದ ಸುದ್ದಿ. ನಾನು ಹಬ್ಬದ ಕೂಗನ್ನು ಅಪಾಯದ ಕೂಗಾಗಿ ಬರೆದುಕೊಟ್ಟಿದ್ದೆ.

“ಟ್ಯಾಂಕರ್ ಅಲ್ಲ, ಹೊಳೆ ಏರುತ್ತಿದೆ!” ಎಂದು ಅವರಿಗೆ ತಿಳಿಹೇಳುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಸಾಮಾನು ತರಲು ಎಲ್ಲರೂ ವಾಪಸು ಓಡಿದರು. ಆದರೆ ಹೊಳೆ ಮೊದಲು ತುಂಬುವುದು ಕಟ್ಟೆಯ ಬುಡದ ತಗ್ಗನ್ನು. ಕೆಲವರು ದಾಟಿ ಹೋಗಿ ಬಂದರು. ರಾಮರತಿ ಎಂಬ ಹೆಂಗಸು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು, ಹೀಗಾಗಿ ಎಲ್ಲರಿಗಿಂತ ಹಿಂದೆ ಬಿದ್ದಳು. ಅವಳು ಇಳಿಯುವ ಹೊತ್ತಿಗೆ ತಗ್ಗಿನಲ್ಲಿ ಎದೆಮಟ್ಟದ ನೀರು. ಪೊಲೀಸರು ಅವಳ ತೋಳು ಹಿಡಿದು ನಿಲ್ಲಿಸಿದರು.

ತಗ್ಗಿನ ಆಚೆ ಅವಳ ಎಮ್ಮೆ ಗೂಟಕ್ಕೆ ಕಟ್ಟಿತ್ತು. ಅದರ ಹೆಸರು ಭೂರಿ, ಅಂದರೆ ಕಂದು ಬಣ್ಣದವಳು. ದೋಣಿಯವರು ಮನುಷ್ಯರನ್ನು ಮಾತ್ರ ತರುತ್ತಿದ್ದರು. ಬಿಚ್ಚಿಬಿಟ್ಟಿದ್ದರೆ ಭೂರಿ ಈಜಿ ಬರುತ್ತಿತ್ತು, ಎಮ್ಮೆಗೆ ಯಾರೂ ಈಜು ಕಲಿಸಬೇಕಾಗಿಲ್ಲ. ಹಗ್ಗ ಗಟ್ಟಿಯಾಗಿತ್ತು. ಮಧ್ಯಾಹ್ನದವರೆಗೂ ಅದು ಕೂಗುತ್ತಿತ್ತು. ಆಮೇಲೆ ಕೂಗು ನಿಂತಿತು.

ರಾಮರತಿ ಅಳಲಿಲ್ಲ. ಖಾಲಿ ಕ್ಯಾನಿನ ಮೇಲೆ ಕೂತು ಯಾರಿಗೆಂದಿಲ್ಲದೆ ಹೇಳಿದಳು: “ಜಿಸ್ನೇ ಲಿಖಾ ಹೈ ನಾ, ವೋ ಕಭೀ ಪಾನೀ ಕೀ ಲೈನ್ ಮೇಂ ಖಡಾ ನಹೀಂ ಹುವಾ.” ಇದನ್ನು ಬರೆದವನು ಯಾವತ್ತೂ ನೀರಿನ ಸಾಲಿನಲ್ಲಿ ನಿಂತವನಲ್ಲ ಎಂದು. ನಾನು ಎರಡು ಮಾರು ದೂರದಲ್ಲೇ ಇದ್ದೆ.

ನಮ್ಮ ವರದಿಯಲ್ಲಿ ‘ಪ್ರಾಣಹಾನಿ: ಇಲ್ಲ’ ಎಂದು ಬರೆದೆವು. ಆ ಸಾಲನ್ನು ಬರೆದದ್ದೂ ನಾನೇ.

ವಾರ ಕಳೆದ ಮೇಲೂ ಊಟ ರುಚಿಸಲಿಲ್ಲ. ರಾಯರು ನನ್ನ ಮುಖ ನೋಡಿ, “ಹೋಗಿ ಹೇಳಿಬಿಡಮ್ಮ. ಬೈದರೆ ಬೈಸಿಕೊಂಡು ಬಾ, ಹಗುರಾಗುತ್ತೆ,” ಎಂದರು. ಫ್ಲೈಓವರಿನ ಕೆಳಗಿನ ನೆರೆ ಸಂತ್ರಸ್ತರ ಶಿಬಿರಕ್ಕೆ ಹೋಗಿ, ಆ ಮಾತು ಬರೆದವಳು ನಾನೇ ಎಂದು ರಾಮರತಿಗೆ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಚಪ್ಪಲಿ ತೆಗೆಯುತ್ತಾಳೇನೋ ಎಂದುಕೊಂಡೆ.

“ತೋ ಅಗಲೀ ಬಾರ್ ಪೂಛ್ ಕೇ ಲಿಖನಾ,” ಎಂದಳು. ಮುಂದಿನ ಸಲ ಕೇಳಿ ಬರೆ.

ಇಷ್ಟು ವರ್ಷಗಳಲ್ಲಿ ನಾನು ಕೇಳಿದ ತರಬೇತಿ ಭಾಷಣಗಳನ್ನೆಲ್ಲ ಒಟ್ಟು ಮಾಡಿದರೂ ಈ ಮಾತಿನ ತೂಕ ಬರುವುದಿಲ್ಲ. ಅಂದಿನಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಎಚ್ಚರಿಕೆಯ ಕರಡು ಹಿಡಿದು ಅವಳ ಜೋಪಡಿಗೆ ಹೋಗುತ್ತಿದ್ದೆ. ಅವಳು ಮಂಚದ ಮೇಲೆ ಕೂತು ಮೂಲಂಗಿ ಕಟ್ಟು ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಓದು ಬರಹ ಬಾರದ ಅವಳಷ್ಟು ಕಟುವಾದ ಸಂಪಾದಕಿಯನ್ನು ನಾನು ಕಂಡಿಲ್ಲ.

“ಜಲಸ್ತರ್ ಕ್ಯಾ ಹೋತಾ ಹೈ?”

“ನೀರಿನ ಮಟ್ಟ.”

“ಹಾಗಾದರೆ ಅದು ಜಲಸ್ತರ್ ಅಂತ ಯಾಕೆ ಕರೆಸಿಕೊಳ್ಳುತ್ತೆ? ನಾವು ಹೊಳೆ ಏರಿದರೆ ಏನಂತೀವಿ ಗೊತ್ತಾ? ಜಮುನಾಜೀ ಚಢ್ ರಹೀ ಹೈಂ. ಅಷ್ಟು ಕೇಳಿದರೆ ಮುದುಕಿಯೂ ಎದ್ದು ಓಡುತ್ತಾಳೆ. ಆಮೇಲೆ ಡಂಗರ್ ಖೋಲ್ ದೋ ಅನ್ನಬೇಕು.”

ಡಂಗರ್ ಎಂದರೆ ದನಕರು. ಯಮುನಾತಾಯಿ ಮೇಲೇರುತ್ತಿದ್ದಾಳೆ, ದನಕರು ಬಿಚ್ಚಿಬಿಡಿ. ‘ಎಲ್ಲರೂ ಬನ್ನಿ’ ಎಂದು ಬೇರೆ ಹೇಳುವುದೇ ಬೇಡ ಎಂದಳು. ಎಮ್ಮೆ ಬಿಚ್ಚಿದವನು ಅದರ ಹಿಂದೆ ತಾನೂ ಬರುತ್ತಾನಂತೆ.

ಈ ಎರಡು ಸಾಲಿಗೆ ಕಚೇರಿಯಲ್ಲಿ ಮಹಾಯುದ್ಧವೇ ನಡೆಯಿತು. ನಮ್ಮ ಹಿಂದಿ ಅಧಿಕಾರಿ ತ್ರಿಪಾಠಿಯವರು ಶುದ್ಧ ಭಾಷೆಗೆ ಪ್ರಾಣ ಕೊಡುವವರು. “ಜಮುನಾ ಅಶುದ್ಧ, ಯಮುನಾ ಎನ್ನಬೇಕು. ನದಿಗೆ ಸರ್ಕಾರ ಜೀ ಹಚ್ಚುವಂತಿಲ್ಲ. ಡಂಗರ್ ಎಂಬುದು ಕಡತದಲ್ಲಿ ಬರೆಯುವ ಶಬ್ದವೇ? ‘ನದೀ ಕೇ ಜಲಸ್ತರ್ ಮೇಂ ಅಪ್ರತ್ಯಾಶಿತ ವೃದ್ಧಿ ಕೀ ಸಂಭಾವನಾ ಹೈ’ ಎಂದು ಬರೆಯಿರಿ,” ಎಂದು ಪಟ್ಟು ಹಿಡಿದರು. ನದಿಯ ನೀರಿನ ಮಟ್ಟದಲ್ಲಿ ಅನಿರೀಕ್ಷಿತ ಏರಿಕೆಯ ಸಂಭವವಿದೆ ಎಂದು.

ನನಗೆ ರೇಗಿತು. “ತ್ರಿಪಾಠೀಜೀ, ನಿಮ್ಮ ವಾಕ್ಯ ಮುಗಿಯುವಷ್ಟರಲ್ಲಿ ನೀರು ಬಂದಿರುತ್ತದೆ,” ಎಂದೆ. ಅವರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಕಡೆಗೆ ಕಡತ ಖನ್ನಾ ಸಾಹೇಬರ ಮೇಜಿಗೆ ಹೋಯಿತು. ಅವರು ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದರು: ‘ಒಪ್ಪಿದೆ. ಎಮ್ಮೆಗಳಿಗೂ ಅರ್ಥವಾಗಲಿ.’ ತ್ರಿಪಾಠಿಯವರೇ ಮೊದಲು ನಕ್ಕರು, ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಭಾಷೆ ಸರಿಯಾದ ಮೇಲೆ ರಾಮರತಿ ಇನ್ನೊಂದು ಪ್ರಶ್ನೆ ಎತ್ತಿದಳು. ಅವಳು ಹೊಸ ಎಮ್ಮೆ ಕೊಂಡಿದ್ದಳು. ಇದ್ದಿಲಿನಷ್ಟು ಕಪ್ಪು, ಆದರೂ ಹೆಸರು ಭೂರಿಯೇ. “ಬಿಚ್ಚಿದೆ ಅಂತಿಟ್ಟುಕೋ. ಮೇಲೆ ಬಂದು ನನ್ನ ಭೂರಿ ಎಲ್ಲಿ ನಿಲ್ಲುತ್ತೆ? ರಸ್ತೆಯಲ್ಲಿ ಪೊಲೀಸರು ಹೊಡೀತಾರೆ.” ನಮ್ಮ ದಪ್ಪ ಯೋಜನೆಯಲ್ಲಿ ಮನುಷ್ಯರಿಗೆ ಡೇರೆ ಇತ್ತು, ಅಡುಗೆಮನೆ ಇತ್ತು, ಎಮ್ಮೆಗೆ ಒಂದು ಗೇಣು ಜಾಗ ಇರಲಿಲ್ಲ. ಫ್ಲೈಓವರಿನ ಕೆಳಗೆ ಜಾಗ ಗುರುತಿಸಿ, ನಕ್ಷೆಯಲ್ಲಿ ಚಿಕ್ಕ ಚೌಕಗಳನ್ನು ಬರೆದು, ಎಮ್ಮೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ‘ಬಿ’ ಹಾಕಿದೆ.

ಆ ಹೊತ್ತಿಗೆ ನಕ್ಷೆಗಳು ಟ್ರೇಸಿಂಗ್ ಕಾಗದದಿಂದ ಕಂಪ್ಯೂಟರಿಗೆ ಹೋಗುತ್ತಿದ್ದವು. ಹೌಜ್ ಖಾಸ್ ಬಡಾವಣೆಯ ಕಡೆಯಿಂದ ಇಬ್ಬರು ಚುರುಕು ಎಂಜಿನಿಯರುಗಳು ಬಂದು ಎಲ್ಲವನ್ನೂ ಬಣ್ಣಬಣ್ಣವಾಗಿ ಮಾಡಿಕೊಟ್ಟರು. ಮುಂದಿನ ಅಣಕು ಕಾರ್ಯಾಚರಣೆಯ ದಿನ ರಾಮರತಿ ಭೂರಿಯನ್ನು ಹೊಡೆದುಕೊಂಡು ಫ್ಲೈಓವರಿನ ಕೆಳಗೆ ಬಂದರೆ ಅಲ್ಲಿ ಸಾಲಾಗಿ ಬಸ್ಸುಗಳು ನಿಂತಿದ್ದವು. ಎಂಜಿನಿಯರುಗಳು ‘ಬಿ’ಯನ್ನು ‘ಬಸ್ಸು’ ಎಂದು ಓದಿಕೊಂಡಿದ್ದರು! ಭೂರಿ ಒಂದು ಬಸ್ಸಿನ ಬಾಗಿಲಿಗೆ ಮೂತಿ ಒಡ್ಡಿ ನಿಂತಿತು. “ಟಿಕೆಟ್ ತಗೋಬೇಕಾ ಮೇಡಂ?” ಎಂದು ರಾಮರತಿ ಕೇಳಿದಳು. ನಾನು ಅವರನ್ನು ಬೈಯಲಿಲ್ಲ. ನಾಲೆಯವಳು ಯಾವ ಬಾಯಿಂದ ಬೈಯಲಿ? ಆಮೇಲಿನ ನಕ್ಷೆಗಳಲ್ಲಿ ಚೌಕದೊಳಗೆ ಪುಟ್ಟ ಎಮ್ಮೆಯ ಚಿತ್ರವನ್ನೇ ಬರೆಸಿದೆವು. ರಾಯರು ನಿವೃತ್ತಿಗೆ ಮುಂಚೆ ಬರೆದ ಕಡೆಯ ಚಿತ್ರ ಅದು, ಕೊಂಬು ಬಹಳ ಚೆನ್ನಾಗಿ ಬಂದಿತ್ತು.

ಹೊಸಬರು ಇದನ್ನು ಪ್ರವಾಹದ ಕಥೆ ಮಾತ್ರ ಅಂದುಕೊಳ್ಳಬಾರದು. ದೆಹಲಿ ಪಕ್ಕದ ಮಾನೇಸರದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಭೂಕಂಪದ ಅಣಕು ಕಾರ್ಯಾಚರಣೆ ನೋಡಲು ಹೋಗಿದ್ದೆ. ಸೈರನ್ ಆದ ತಕ್ಷಣ ಕಾರ್ಮಿಕರೆಲ್ಲ ಅಚ್ಚುಕಟ್ಟಾಗಿ ಸಾಲು ಕಟ್ಟಿ ನಡೆದರು. ಮೈದಾನಕ್ಕಲ್ಲ, ಕ್ಯಾಂಟೀನಿಗೆ. ಅವರಿಗೆ ಸೈರನ್ ಎಂದರೆ ಊಟ. ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತ್ತು. ನಾನು ಮಾತ್ರ ಅವರ ಜೊತೆ ಕೂತು ರಾಜಮಾ ಅನ್ನ ಉಂಡು, ಬೇರೆ ಯಾವ ಸದ್ದಾದರೆ ಹೊರಗೆ ಓಡುತ್ತೀರಿ ಎಂದು ಕೇಳಿ ಬರೆದುಕೊಂಡು ಬಂದೆ.

ಕಾಲ ಬದಲಾಯಿತು. ಆಟೋ ಹೋಗಿ ಮೊಬೈಲ್ ಸಂದೇಶ ಬಂತು. ಉಪಗ್ರಹದ ಚಿತ್ರದಲ್ಲಿ ಒಂದೊಂದು ಜೋಪಡಿಯೂ ಕಾಣುವಂತಾಯಿತು, ಗೂಟ ಮಾತ್ರ ಕಾಣುವುದಿಲ್ಲ. ಖನ್ನಾ ಸಾಹೇಬರು ತೀರಿಕೊಂಡರು. ಅವರ ಹಸಿರು ಶಾಯಿಯ ಆ ಪುಟದ ನಕಲು ಈಗಲೂ ನನ್ನ ಬೀರುವಿನಲ್ಲಿದೆ. ಆದರೆ ನಾನು ಕೆಲಸದಲ್ಲಿದ್ದಷ್ಟು ವರ್ಷವೂ ಹೊಳೆ ಮತ್ತೆ ಆ ಮಟ್ಟಕ್ಕೆ ಏರಲಿಲ್ಲ. ಊರಿಗೆಲ್ಲ ಅದು ಪುಣ್ಯ, ನನಗೂ ಪುಣ್ಯವೇ. ಆದರೂ ರಾಮರತಿಯ ಎರಡು ಸಾಲು ನಿಜವಾದ ನೀರಿನ ಎದುರು ನಿಲ್ಲುತ್ತವೋ ಇಲ್ಲವೋ ಎಂದು ತಿಳಿಯದೆಯೇ ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಮೇಘನಾ ಕೆಲಸಕ್ಕೆ ಸೇರಿದ ವರ್ಷದ ಮಳೆಗಾಲದಲ್ಲಿ ಹೊಳೆ ಏರಿತು. ನಾನಿರುವ ವಸಂತ್ ಕುಂಜದ ಫ್ಲಾಟು ಎತ್ತರದಲ್ಲಿದೆ, ಇಲ್ಲಿಗೆ ಯಮುನೆ ಬರುವ ಭಯವಿಲ್ಲ. ಟೀವಿಯಲ್ಲಿ ನೀರು ನೋಡಿದ ಕೂಡಲೇ ರಾಮರತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹತ್ತು ಸಲ ಮಾಡಿದೆ. ಗೂಟ, ಹಗ್ಗ, ಆ ಕೂಗು, ಎಲ್ಲ ಒಟ್ಟಿಗೆ ನೆನಪಾಯಿತು. ಕೆಳಗಿಳಿದು ಆಟೋ ಹಿಡಿದೆ. “ಜಮುನಾಜೀ ಚಢೀ ಹುಯೀ ಹೈಂ, ಮಾತಾಜೀ, ಕಹಾಂ ಜಾವೋಗೇ?” ಏರಿರುವ ಹೊಳೆಯ ಕಡೆ ಎಲ್ಲಿಗೆ ಹೋಗುತ್ತೀರಿ ಎಂದು ಆಟೋದವನೇ ನನಗೆ ಎಚ್ಚರಿಕೆ ಕೊಟ್ಟ.

ಕಟ್ಟೆ ತಲುಪಿದಾಗ ಹಗಲು ಹನ್ನೊಂದು ಗಂಟೆ. ಎದುರಿನ ಬಯಲೆಲ್ಲ ಕಂದು ನೀರು, ಜೋಪಡಿಗಳ ತುದಿಗಳಷ್ಟೇ ಕಾಣುತ್ತಿದ್ದವು. ಅಷ್ಟರಲ್ಲಿ ದೂರದಿಂದ, ನೀರು ಇನ್ನೂ ಮುಟ್ಟದ ಕಡೆಯಿಂದ, ಧ್ವನಿವರ್ಧಕ ಕೇಳಿಸಿತು. ಮುದಿ ಹೆಂಗಸಿನ ಬಿರುಸು ದನಿ: “ಜಮುನಾಜೀ ಚಢ್ ರಹೀ ಹೈಂ! ಡಂಗರ್ ಖೋಲ್ ದೋ! ಅರೇ ಹರಿಯಾ, ಟ್ರಂಕು ಬಿಡು, ಮೊದಲು ಎಮ್ಮೆ ಬಿಚ್ಚು, ನಿನ್ನ ಟ್ರಂಕಿನಲ್ಲಿ ಏನಿದೆ ಅಂತ ನಂಗೊತ್ತಿಲ್ಲವಾ?”

ಕಚೇರಿಯ ಜೀಪು. ಒಳಗೆ ಮೈಕು ಹಿಡಿದು ರಾಮರತಿ, ಪಕ್ಕದಲ್ಲಿ ಮೇಘನಾ. ನನ್ನನ್ನು ಕಂಡು ಮೇಘನಾ ಇಳಿದು ಓಡಿ ಬಂದಳು. ಅವಳ ಕುರ್ತಾ ಸೊಂಟದವರೆಗೂ ಕೆಸರಾಗಿತ್ತು. “ನೀವೇ ಹೇಳಿದ್ರಲ್ಲ ಆಂಟಿ, ಪೂಛ್ ಕೇ ಲಿಖನಾ ಅಂತ. ಕೇಳೋಕೆ ಹೋದೆ, ಅವರು ಬರೆಯೋದ್ಯಾಕೆ, ನಾನೇ ಹೇಳ್ತೀನಿ ಅಂತ ಜೀಪ್ ಹತ್ತಿಬಿಟ್ರು. ನಿನ್ನೆ ಸಂಜೆಯಿಂದ ಇಳಿದೇ ಇಲ್ಲ!”

ಫ್ಲೈಓವರಿನ ಕೆಳಗೆ ಕರೆದುಕೊಂಡು ಹೋದಳು. ಒಂದೂ ಬಸ್ಸಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಎಮ್ಮೆಗಳು, ಕೋಣಗಳು, ಕರುಗಳು. ಸಗಣಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅಲ್ಲೇ ನಿಂತು ಅತ್ತೆ. ಮೂರನೆಯ ಭೂರಿ, ಎರಡನೆಯದರ ಮಗಳು, ಅತ್ತವರನ್ನು ನೋಡಿ ಅಭ್ಯಾಸವಿರುವಂತೆ ಮೆಲುಕು ಹಾಕುತ್ತಲೇ ಇತ್ತು.

ರಾಮರತಿ ಹತ್ತಿರ ಬಂದಳು. ಗಂಟಲು ಒಡೆದು ಹೋಗಿತ್ತು. ಫೋನ್ ಯಾಕೆ ಎತ್ತಲಿಲ್ಲ ಎಂದು ಜಗಳ ತೆಗೆದೆ. “ಮೈಕು ಹಿಡಿಯಲಾ, ನಿನ್ನ ಫೋನು ಹಿಡಿಯಲಾ, ನಹರ್ ಮೇಡಂ?” ಎಂದಳು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಹಾರನ್ ಆಯಿತು. ಶಿಬಿರಕ್ಕೆ ಕುಡಿಯುವ ನೀರಿನ ಟ್ಯಾಂಕರು ಬರುತ್ತಿತ್ತು. ರಾಮರತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೊಚ್ಚುಬಾಯಿ ತೆರೆದು ನಕ್ಕು, ಮೈಕನ್ನು ನನ್ನ ಕೈಗೆ ತುರುಕಿದಳು.

“ಲೋ. ಅಬ್ ಬೋಲೋ. ಯೇ ತುಮ್ಹಾರೀ ಲೈನ್ ಹೈ.” ತಗೋ, ಈಗ ಹೇಳು, ಇದು ನಿನ್ನ ಸಾಲು.

ನಾನು ಅಪ್ಪನ ಹಾಗೆ ಕೊನೆಯನ್ನು ಎಳೆದು ಕೂಗಿದೆ: “ಪಾನೀ ಆ ರಹಾ ಹೈ...”

ಕ್ಯಾನು, ಬಕೆಟ್ಟು, ಪೇಂಟಿನ ಡಬ್ಬಿ ಹಿಡಿದು ಜನ ಎದ್ದುಬಿದ್ದು ಓಡಿ ಬಂದರು. ಸಾಲಿನಲ್ಲಿ ಯಾರು ಮೊದಲು ಎಂದು ಜಗಳ ಶುರುವಾಯಿತು. ಈ ಸಲ ಅವರ ಹಿಂದೆ ಯಾವ ಗೂಟದಲ್ಲೂ ಯಾವ ಎಮ್ಮೆಯೂ ಕಟ್ಟಿರಲಿಲ್ಲ.